ನಿದ್ರೆಯು ಮಾರತಕ್ಕ ವಸ್ತುವೇ?

ಲೋಕದಲ್ಲಿ ಮನುಷ್ಯನು ಜೀವನೋಪಾಯಕ್ಕಾಗಿ ಮಾರುವ ವಸ್ತುಗಳು ಅನೇಕವಾಗಿವೆ. ರೈತನು ಧಾನ್ಯವನ್ನೂ, ನೇಕಾರನು ಬಟ್ಟೆಯನ್ನೂ, ವರ್ತಕನು ಸರಕನ್ನೂ, ಕೂಲಿಯವನು ದೇಹಶ್ರಮವನ್ನೂ ಮಾರಿ ಬದುಕುತ್ತಾರೆ. ವಿದ್ಯಾವಿಕ್ರಯವನ್ನು ಪೂರ್ವಿಕರು ಮೆಚ್ಚದಿದ್ದರೂ ಈಗ ಪಂಡಿತನು ಸಂಬಳಕ್ಕೆ ಪಾಠ ಹೇಳುವುದನ್ನು ಯಾರೂ ನಿಂದಿಸುವುದಿಲ್ಲ. ಆದರೆ ಹಗಲಿನ ದುಡಿಮೆಯನ್ನು ಒಬ್ಬ ಯಜಮಾನನಿಗೆ ಮಾರಿ ಮುಗಿಸಿದವನು, ಅದು ಸಂಸಾರಕ್ಕೆ ಸಾಲದೆ, ತನ್ನ ರಾತ್ರಿಯನ್ನು ಮತ್ತೊಬ್ಬ ಯಜಮಾನನಿಗೆ ಮಾರಿದರೆ ಆಗ ಅವನು ಮಾರಿದುದು ಯಾವುದನ್ನು? ಶ್ರಮವನ್ನು ಅವನು ಹಗಲಿನಲ್ಲಿಯೇ ಮಾರಿಯಾಗಿದೆ. ಉಳಿದಿದ್ದುದು ನಿದ್ರೆಯೊಂದೇ. ನಿದ್ರೆಯು ಮಾರತಕ್ಕ ವಸ್ತುವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯು ಅತ್ಯಂತ ಸ್ಪಷ್ಟವಾಗಿ ಕಾಣಿಸಿಕೊಳ್ಳುವ ಸ್ಥಳಗಳಲ್ಲಿ ಅಮೆರಿಕ ದೇಶದ ಸೂಪರ್‌ಮಾರ್ಕೆಟ್ಟೆಂಬ ದೊಡ್ಡ ಅಂಗಡಿಯೂ ಒಂದು. ಆ ದೇಶದಲ್ಲಿಯೂ ಮೊದಲು ದಿನಸಿಯ ವ್ಯಾಪಾರವು ಇಲ್ಲಿಯ ಪೇಟೆಯಂಗಡಿಯ ಕ್ರಮದಲ್ಲಿಯೇ ನಡೆಯುತ್ತಿದ್ದಿತು. ಗಿರಾಕಿಯು ಈಚೆ ನಿಂತು ಬೇಕಾದುದನ್ನು ಹೇಳುವನು. ಅಂಗಡಿಯವನು ಆಚೆಯಿಂದ ಅದನ್ನು ತೆಗೆದು ತೂಗಿ ಕಟ್ಟಿಕೊಡುವನು. ೧೯೧೬ರಲ್ಲಿ ಟೆನೆಸ್ಸಿ ಸಂಸ್ಥಾನದ ಮೆಂಫಿಸ್ ಪಟ್ಟಣದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕನು ಪಿಗ್ಲಿ ವಿಗ್ಲಿ ಎಂಬ ಅಂಗಡಿಯನ್ನು ತೆರೆದು, ಗಿರಾಕಿಯೇ ಒಳಗೆ ನಡೆದು ಹಲಗೆಯ ಮೇಲಿನ ಸರಕನ್ನು ತಾನೇ ಎತ್ತಿಕೊಂಡು ಬಾಗಿಲ ಬಳಿ ಹಣ ಕೊಡುವ ಪದ್ಧತಿಯನ್ನು ತಂದನು. ೧೯೩೦ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಮೈಕೇಲ್ ಕಲೆನ್ ಎಂಬವನು ಅದೇ ಪದ್ಧತಿಯನ್ನು ವಿಶಾಲವಾದ ಕಟ್ಟಡದಲ್ಲಿ ನಡೆಸಿ, ಕಡಮೆ ಲಾಭಕ್ಕೆ ಬಹಳ ಸರಕನ್ನು ಮಾರುವ ಮಾರ್ಗವನ್ನು ತೋರಿಸಿದನು. ಅಂದಿನಿಂದ ಈ ವ್ಯಾಪಾರವು ದೇಶದೇಶಗಳಿಗೆ ಹಬ್ಬಿತು.

ಈ ಪದ್ಧತಿಯಲ್ಲಿ ಬೇಡಿದುದನ್ನು ತಂದುಕೊಡುವ ಅಂಗಡಿಯವನು ಇಲ್ಲ. ಆದುದರಿಂದ ಬೇಡುವುದಕ್ಕೆ ಮುಂಚೆಯೇ ಸರಕು ಕಣ್ಣಿಗೆ ಬೀಳುವಂತಿರಬೇಕು. ಹಲಗೆಯು ಬರಿದಾಗಿದ್ದರೆ ಗಿರಾಕಿಯು ಬೇರೆ ಅಂಗಡಿಗೆ ಹೋಗುವನು. ಹಗಲಿನಲ್ಲಿ ತುಂಬಿಸೋಣವೆಂದರೆ ಪೆಟ್ಟಿಗೆಗಳ ರಾಶಿಯು ದಾರಿಗೆ ಅಡ್ಡವಾಗುವುದು. ಆದಕಾರಣ ಊರು ಮಲಗಿರುವಾಗ ಹಲಗೆಗಳನ್ನು ತುಂಬುವ ಪಾಳಿಯೊಂದು ಹುಟ್ಟಿಕೊಂಡಿತು.

ಆ ಪಾಳಿಯ ಕೆಲಸವು ನೋಡುವುದಕ್ಕೆ ಸುಲಭವಾದುದು. ರಾತ್ರಿ ಲಾರಿಯು ಹಿಂಬಾಗಿಲಿಗೆ ಬರುವುದು. ಮರದ ಪ್ಯಾಲೆಟ್ಟುಗಳ ಮೇಲೆ ಆಳೆತ್ತರ ಪೇರಿಸಿದ ರಟ್ಟಿನ ಪೆಟ್ಟಿಗೆಗಳನ್ನು ಚಕ್ರದ ಬಂಡಿಯಿಂದ ಒಳಗೆ ಎಳೆದು, ಸುತ್ತಿದ ಪ್ಲಾಸ್ಟಿಕ್ಕನ್ನು ಕೊಯ್ದು, ಒಂದೊಂದನ್ನೂ ಅದರದರ ಸಾಲಿಗೆ ಒಯ್ಯಬೇಕು. ಹಳೆಯ ತಾರೀಖಿನದನ್ನು ಮುಂದಕ್ಕೂ ಹೊಸದನ್ನು ಹಿಂದಕ್ಕೂ ಇಡಬೇಕು. ಕೆಳಹಲಗೆಗೆ ಮಂಡಿಯೂರಬೇಕು, ಮೇಲ್ಹಲಗೆಗೆ ತೋಳೆತ್ತಬೇಕು. ಖಾಲಿ ರಟ್ಟುಗಳನ್ನು ಯಂತ್ರದಲ್ಲಿ ಅದುಮಿ ಕಟ್ಟಬೇಕು. ಕೊನೆಗೆ, ಎರಡೇ ಡಬ್ಬಿ ಉಳಿದಿದ್ದ ಕಡೆಯಲ್ಲಿಯೂ ಅವೆರಡನ್ನು ಅಂಚಿಗೆ ಎಳೆದು, ಮುಖ ಹೊರಗೆ ತಿರುಗಿಸಿ, ಸಾಲೆಲ್ಲ ತುಂಬಿರುವಂತೆ ತೋರಿಸಬೇಕು. ಬೆಳಗ್ಗೆ ಬರುವ ಗಿರಾಕಿಯು ಹಾಲನ್ನೋ ರೊಟ್ಟಿಯನ್ನೋ ಎತ್ತಿಕೊಳ್ಳುವನು. ಅದನ್ನು ಯಾರೋ ಇಟ್ಟರೆಂಬುದು ಅವನ ಮನಸ್ಸಿಗೆ ಹೊಳೆಯುವುದೇ ಇಲ್ಲ. ಕೆಲಸವು ಚೆನ್ನಾಗಿ ನಡೆದಷ್ಟೂ ಕೆಲಸಗಾರನು ಕಾಣದವನಾಗುತ್ತಾನೆ.

ಇಂತಹ ಪಾಳಿಗೆ ಬರುವವರಲ್ಲಿ ಹಗಲೆಲ್ಲ ಬೇರೆ ಉದ್ಯೋಗ ಮಾಡಿ ಬರುವವರೂ ಇರುತ್ತಾರೆ. ದೃಷ್ಟಾಂತಕ್ಕಾಗಿ ಒಬ್ಬ ಉಪಾಧ್ಯಾಯನನ್ನು ಭಾವಿಸಿಕೊಳ್ಳಬಹುದು. ಏಕೆಂದರೆ ಆ ದೇಶದಲ್ಲಿ ಎರಡನೆಯ ಉದ್ಯೋಗವನ್ನು ಹಿಡಿದ ಉಪಾಧ್ಯಾಯರು ವಿರಳರಲ್ಲ. ಮನೆಯ ಬಾಡಿಗೆ, ಮಗುವಿನ ಔಷಧಿ, ತನ್ನ ವಿದ್ಯಾಭ್ಯಾಸಕ್ಕೆ ಮಾಡಿದ ಸಾಲ, ಇವು ಮೂರೂ ಸೇರಿ ಅವನ ಸಂಬಳವನ್ನು ಮೀರುತ್ತವೆ. ಮೂರೂವರೆ ಗಂಟೆಗೆ ಶಾಲೆ ಬಿಡುವುದು. ಸಂಜೆ ಮಕ್ಕಳ ಗದ್ದಲದ ನಡುವೆ ಮೂರು ನಾಲ್ಕು ಗಂಟೆ ಕಣ್ಣು ಮುಚ್ಚುವನು. ವಾರದಲ್ಲಿ ನಾಲ್ಕು ದಿನ ರಾತ್ರಿ ಹತ್ತಕ್ಕೆ ಅಂಗಡಿಗೆ ಹೋಗಿ ಆರಕ್ಕೆ ಹೊರಬೀಳುವನು. ಎಂಟಕ್ಕೆ ಪುನಃ ಹುಡುಗರೆದುರಿಗೆ ನಿಲ್ಲುವನು. ಒಂದು ದಿನ ಹುಡುಗಿಯೊಬ್ಬಳು ಪಾಠವನ್ನು ಓದಿ ಮುಗಿಸಿ ತಲೆಯೆತ್ತಿದಾಗ ಉಪಾಧ್ಯಾಯನ ಕಣ್ಣು ಮುಚ್ಚಿರುತ್ತದೆ. ಅವಳು ಗೆಳತಿಯರಿಗೆ ಸನ್ನೆಮಾಡಿ ಸುಮ್ಮನಿರಿಸಿ, ಅದೇ ಪಾಠವನ್ನು ಮೊದಲಿನಿಂದ ಮೆಲ್ಲಗೆ ಓದತೊಡಗುತ್ತಾಳೆ. ಇಲ್ಲಿ ತಪ್ಪಿತಸ್ಥರು ಯಾರು?

ಇಲ್ಲಿ ಮೊದಲನೆಯ ಪೂರ್ವಪಕ್ಷವು ಹೀಗೆ ಏಳುತ್ತದೆ. ಅವನು ಪ್ರಾಪ್ತವಯಸ್ಕನು, ಸ್ವತಂತ್ರನು. ದೇಹವು ಅವನದು, ರಾತ್ರಿಯು ಅವನದು. ಒಪ್ಪಿ ಮಾರಿದನು, ಒಪ್ಪಿ ಕೊಂಡರು. ಇದರಲ್ಲಿ ಮೂರನೆಯವರು ಕೇಳತಕ್ಕುದೇನಿದೆ?

ಇದಕ್ಕೆ ಸಮಾಧಾನವೇನಂದರೆ, ಮಾರಾಟವೆಲ್ಲವೂ ಒಂದೇ ಬಗೆಯದಲ್ಲ. ರೈತನು ಬೆಳೆದ ಧಾನ್ಯವನ್ನು ಮಾರುವುದು ವ್ಯಾಪಾರ. ಬಿತ್ತನೆಯ ಬೀಜವನ್ನು ಮಾರುವುದು ಕಷ್ಟದ ಲಕ್ಷಣ. ಶ್ರಮವು ಧಾನ್ಯದಂತೆ, ಇಂದು ವ್ಯಯವಾದುದು ನಾಳೆ ಪುನಃ ಹುಟ್ಟುವುದು. ಆದರೆ ಅದು ಹುಟ್ಟುವುದು ನಿದ್ರೆಯಿಂದ. ಆದಕಾರಣ ನಿದ್ರೆಯು ಬೀಜಸ್ಥಾನದಲ್ಲಿದೆ. ಚರಕಸಂಹಿತೆಯು ದೇಹವೆಂಬ ಮನೆಗೆ ಆಹಾರ, ನಿದ್ರೆ, ಬ್ರಹ್ಮಚರ್ಯಗಳೆಂಬ ಮೂರು ಉಪಸ್ತಂಭಗಳನ್ನು ಎಣಿಸಿರುವುದು ಇದೇ ಅಭಿಪ್ರಾಯದಿಂದ. ಆಧುನಿಕ ವಿಜ್ಞಾನವೂ ಇದಕ್ಕೆ ದೂರವಾಗಿಲ್ಲ. ಜೀವಕೋಶಗಳೊಳಗೆ ಹಗಲಿರುಳಿನ ಲೆಕ್ಕವಿಡುವ ಗಡಿಯಾರವೊಂದು ಹೇಗೆ ನಡೆಯುತ್ತದೆಂಬುದನ್ನು ಕಂಡುಹಿಡಿದುದಕ್ಕಾಗಿ ಹಾಲ್, ರೋಸ್‌ಬಾಷ್, ಯಂಗ್ ಎಂಬ ಮೂವರು ಅಮೆರಿಕದ ವಿದ್ವಾಂಸರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಈ ಗಡಿಯಾರವನ್ನು ಕೆಡಿಸುವ ಪಾಳಿಯ ಕೆಲಸವನ್ನು ೨೦೦೭ರಲ್ಲಿ, ಮನುಷ್ಯರಲ್ಲಿ ಕ್ಯಾನ್ಸರ್ ರೋಗವನ್ನು ಬಹುಶಃ ಉಂಟುಮಾಡತಕ್ಕವುಗಳ ಪಟ್ಟಿಗೆ ಸೇರಿಸಿತು. ೨೦೧೯ರಲ್ಲಿ ಪುನಃ ಪರಿಶೀಲಿಸಿ ರಾತ್ರಿಪಾಳಿಯ ವಿಷಯದಲ್ಲಿ ಅದೇ ನಿರ್ಣಯವನ್ನು ಉಳಿಸಿಕೊಂಡಿತು.

ಎರಡನೆಯ ಪೂರ್ವಪಕ್ಷ: ನಿದ್ರೆಯನ್ನು ಗೆದ್ದವರನ್ನು ಪೂರ್ವಿಕರು ಹೊಗಳಿಲ್ಲವೇ? ಅರ್ಜುನನಿಗೆ ಗುಡಾಕೇಶನೆಂಬ ಹೆಸರಿದೆ. ಶಿವರಾತ್ರಿಯ ಜಾಗರಣೆಯಿದೆ. ರೋಗಿಯಾದ ಮಗುವಿನ ಪಕ್ಕದಲ್ಲಿ ತಾಯಿಯು ರಾತ್ರಿಯೆಲ್ಲ ಎಚ್ಚರವಾಗಿರುವಳು. ಊರು ಕಾಯುವವನು, ಸೂಲಗಿತ್ತಿ, ರೈಲು ನಡೆಸುವವನು, ಇವರ ರಾತ್ರಿಯ ಎಚ್ಚರವಿಲ್ಲದೆ ಲೋಕವು ನಡೆಯುವುದೇ?

ರಾತ್ರಿಯಲ್ಲಿ ದುಡಿಯುವುದೇ ದೋಷವೆಂದು ಯಾರೂ ಹೇಳಬೇಕಾಗಿಲ್ಲ. ರಾತ್ರಿ ಕಾಯುವವನು ಹಗಲು ಮಲಗಬಲ್ಲನು. ಶಿವರಾತ್ರಿಯು ವರ್ಷಕ್ಕೊಂದು. ತಾಯಿಯ ಜಾಗರಣೆಯು ಜ್ವರ ಇಳಿಯುವವರೆಗೆ. ಇವುಗಳಿಗೆಲ್ಲ ಒಂದು ಕೊನೆಯುಂಟು. ವಾಲ್ಮೀಕಿಗಳ ಕಾವ್ಯದಲ್ಲಿಲ್ಲದಿದ್ದರೂ ಜನರ ಬಾಯಲ್ಲಿ ಉಳಿದಿರುವ ಕಥೆಯೊಂದುಂಟು. ಲಕ್ಷ್ಮಣನು ಅಣ್ಣನ ಕಾವಲಿಗಾಗಿ ಹದಿನಾಲ್ಕು ವರ್ಷ ನಿದ್ರೆಯನ್ನು ತ್ಯಜಿಸಲು ಬಯಸಿದಾಗ ನಿದ್ರಾದೇವಿಯು, ಅವನ ಪಾಲಿನ ನಿದ್ರೆಯನ್ನು ಬೇರೆ ಯಾರಾದರೂ ಹೊರಬೇಕೆಂದಳಂತೆ. ಊರ್ಮಿಳೆಯು ಅದನ್ನು ಹೊತ್ತು ಅಯೋಧ್ಯೆಯಲ್ಲಿ ಹದಿನಾಲ್ಕು ವರ್ಷ ಮಲಗಿದಳಂತೆ. ಕಥೆ ಕಟ್ಟಿದವರು ಲಕ್ಷ್ಮಣನಂತಹ ವೀರನಿಗೂ ಈ ಸಾಲವನ್ನು ಮನ್ನಾ ಮಾಡಲಿಲ್ಲ. ಆ ಉಪಾಧ್ಯಾಯನ ನಿದ್ರೆಯ ಸಾಲವನ್ನು ಯಾರು ತೀರಿಸುತ್ತಾರೆ? ಸ್ವಲ್ಪವನ್ನು ಅವನ ದೇಹವು, ಸ್ವಲ್ಪವನ್ನು ತಂದೆಯ ಮಾತಿಗಾಗಿ ಕಾದು ಮಲಗಿದ ಮಕ್ಕಳು, ಸ್ವಲ್ಪವನ್ನು ಪಾಠವನ್ನು ಎರಡನೆಯ ಸಲ ಓದಿದ ಆ ಹುಡುಗಿಯು.

ಈ ಸಾಲದ ಲೆಕ್ಕವನ್ನು ಶಾಸನವು ಹೇಗೆ ಇಟ್ಟಿದೆಯೆಂಬುದು ನೋಡತಕ್ಕ ಸಂಗತಿ. ಅಮೆರಿಕದ ೧೯೩೮ರ ಕಾರ್ಮಿಕ ಶಾಸನದಂತೆ, ಅದಕ್ಕೆ ಒಳಪಟ್ಟ ಕೆಲಸಗಾರನು ವಾರಕ್ಕೆ ೪೦ ಗಂಟೆ ಮೀರಿ ದುಡಿದರೆ ಹೆಚ್ಚಿನ ಗಂಟೆಗಳಿಗೆ ಒಂದೂವರೆ ಪಾಲು ಕೂಲಿ ಸಲ್ಲಬೇಕು. ಆದರೆ ಪರಸ್ಪರ ಸಂಬಂಧವಿಲ್ಲದ ಇಬ್ಬರು ಯಜಮಾನರಲ್ಲಿ ದುಡಿದ ಗಂಟೆಗಳನ್ನು ಅದು ಕೂಡಿಸುವುದಿಲ್ಲ. ವಯಸ್ಕನು ಒಟ್ಟು ಎಷ್ಟು ಗಂಟೆ ದುಡಿಯಬಹುದೆಂಬುದಕ್ಕೆ ಮಿತಿಯನ್ನೂ ಹಾಕಿಲ್ಲ. ಶಾಲೆಯ ಪುಸ್ತಕದಲ್ಲಿ ಅವನು ಹಗಲಿನವನು, ಅಂಗಡಿಯ ಪುಸ್ತಕದಲ್ಲಿ ರಾತ್ರಿಯವನು. ಇಬ್ಬರೂ ಒಬ್ಬನೇ ಎಂದು ಬರೆದ ಪುಸ್ತಕ ಯಾವುದೂ ಇಲ್ಲ.

ಆದರೆ ಕೂಡಿಸುವುದು ಶಾಸನಕ್ಕೆ ತಿಳಿಯದ ವಿದ್ಯೆಯಲ್ಲ. ಅದೇ ಅಂಗಡಿಗೆ ಸಂಸ್ಥಾನದಿಂದ ಸಂಸ್ಥಾನಕ್ಕೆ ಸರಕನ್ನು ತರುವ ದೊಡ್ಡ ಲಾರಿಯ ಚಾಲಕನು ಎಡೆಬಿಡದೆ ೧೦ ಗಂಟೆ ವಿರಾಮ ಪಡೆದ ಮೇಲೆ ೧೧ ಗಂಟೆಗಿಂತ ಹೆಚ್ಚು ಲಾರಿಯನ್ನು ನಡೆಸಕೂಡದೆಂಬ ನಿಯಮವಿದೆ. ಅವನು ಬೇರೆಯವರಲ್ಲಿ ಸಂಬಳಕ್ಕೆ ದುಡಿದ ಗಂಟೆಗಳು, ಆ ಕೆಲಸಕ್ಕೂ ಲಾರಿಗೂ ಸಂಬಂಧವಿಲ್ಲದಿದ್ದರೂ, ಅವನ ಕೆಲಸದ ಲೆಕ್ಕಕ್ಕೆ ಸೇರುತ್ತವೆ. ತೂಕಡಿಸುವ ಚಾಲಕನು ಇತರರ ಪ್ರಾಣವನ್ನು ತೆಗೆದಾನೆಂಬ ಭಯವೇ ಇದರ ಕಾರಣ. ಹೀಗೆ ಸರಕನ್ನು ತಂದವನ ನಿದ್ರೆಗೆ ಲೆಕ್ಕವಿದೆ. ಅದನ್ನು ಇಳಿಸಿಕೊಂಡು ಜೋಡಿಸಿದವನ ನಿದ್ರೆಗೆ ಲೆಕ್ಕವಿಲ್ಲ. ಬೆಳಗಿನ ಆರಕ್ಕೆ ಅವನೂ ಅದೇ ರಸ್ತೆಯಲ್ಲಿ ತನ್ನ ಮೋಟಾರನ್ನು ನಡೆಸಿಕೊಂಡು ಹೋಗುವನಷ್ಟೆ!

ಇತರ ದೇಶಗಳಲ್ಲಿ ಈ ಕೂಡಿಸುವಿಕೆಯ ಯತ್ನವು ನಡೆದಿದೆ. ಬ್ರಿಟನ್ನಿನ ೧೯೯೮ರ ನಿಯಮಗಳು ವಾರಕ್ಕೆ ಸರಾಸರಿ ೪೮ ಗಂಟೆಗಳ ಮಿತಿಯನ್ನು ಹಾಕಿ, ಎರಡು ಉದ್ಯೋಗಗಳಿದ್ದರೆ ಎರಡನ್ನೂ ಸೇರಿಸಿ ನೋಡುತ್ತವೆ; ಆದರೆ ಕೆಲಸಗಾರನು ಕಾಗದಕ್ಕೆ ರುಜು ಹಾಕಿ ಆ ಮಿತಿಯನ್ನು ಬಿಟ್ಟುಕೊಡಬಹುದು. ಭಾರತದಲ್ಲಿ ೧೯೪೮ರ ಕಾರ್ಖಾನೆಗಳ ಶಾಸನವು, ಒಂದು ಕಾರ್ಖಾನೆಯಲ್ಲಿ ದುಡಿದವನನ್ನು ಅದೇ ದಿನ ಮತ್ತೊಂದು ಕಾರ್ಖಾನೆಯಲ್ಲಿ ದುಡಿಸಕೂಡದೆಂದು ವಿಧಿಸಿದ್ದಿತು.

ಇಲ್ಲಿ ಮೂರನೆಯ ಪೂರ್ವಪಕ್ಷವು ಬರುತ್ತದೆ. ಇದು ಎಲ್ಲಕ್ಕಿಂತ ಬಲವಾದುದು. ರಾತ್ರಿಯ ಕೆಲಸವನ್ನು ಶಾಸನವು ತಡೆದರೆ ಅವನ ಮಗುವಿಗೆ ಔಷಧಿಯನ್ನು ತರುವವರು ಯಾರು? ಕುಟುಂಬವನ್ನು ಪೋಷಿಸುವುದು ಗೃಹಸ್ಥನ ಧರ್ಮವಲ್ಲವೇ? ಅದಕ್ಕಾಗಿ ನಿದ್ರೆಗೆಟ್ಟವನು ಪೂಜ್ಯನಲ್ಲವೇ?

ಪೂಜ್ಯನೇ ಸರಿ, ಸಂದೇಹವಿಲ್ಲ. ಬರಿಯ ನಿಷೇಧವು ರೋಗವನ್ನು ಉಳಿಸಿ ಔಷಧಿಯನ್ನು ಕಸಿದುಕೊಂಡಂತೆ. ಇಲ್ಲಿ ಧರ್ಮಶಾಸ್ತ್ರದ ವಿವೇಕವೊಂದು ಸಹಾಯಕ್ಕೆ ಬರುತ್ತದೆ. ಪೂರ್ವಿಕರು ಆಪದ್ಧರ್ಮವೆಂಬುದನ್ನು ನಿತ್ಯಧರ್ಮದಿಂದ ಬೇರೆಯಾಗಿ ಹೇಳಿದರು. ಮಹಾಭಾರತದ ಶಾಂತಿಪರ್ವದಲ್ಲಿ, ಹನ್ನೆರಡು ವರ್ಷಗಳ ಕ್ಷಾಮದಲ್ಲಿ ವಿಶ್ವಾಮಿತ್ರನು ಪ್ರಾಣಧಾರಣೆಗಾಗಿ ನಾಯಿಯ ಮಾಂಸಕ್ಕೆ ಕೈಯೊಡ್ಡಿದ ಕಥೆಯಿದೆ. ಅದಕ್ಕಾಗಿ ಋಷಿಯನ್ನು ಯಾರೂ ಪತಿತನೆನ್ನಲಿಲ್ಲ. ಆದರೆ ಆ ಕಥೆಯಲ್ಲಿ ಕೊನೆಗೆ ಮಳೆ ಬರುತ್ತದೆ. ಮಳೆ ಬಂದ ಮೇಲೆ ಆಪದ್ಧರ್ಮಕ್ಕೆ ಸ್ಥಾನವಿಲ್ಲ.

ಉಪಾಧ್ಯಾಯನು ರಾತ್ರಿಯನ್ನು ಮಾರುವುದು ಆಪದ್ಧರ್ಮ. ಬೀಜವನ್ನು ಮಾರಿದ ರೈತನನ್ನು ಬೈಯುವವನು ಅವಿವೇಕಿ. ಆದರೆ ಮಳೆ ಸಮೃದ್ಧಿಯಾಗಿದ್ದು, ಪೇಟೆ ತುಂಬಿದ್ದು, ಹಲಗೆಯ ಮೇಲೆ ಹತ್ತು ಬಗೆಯ ರೊಟ್ಟಿ ಇರುವಾಗಲೂ ಒಬ್ಬ ರೈತನು ವರ್ಷವರ್ಷವೂ ಬೀಜವನ್ನೇ ಮಾರುತ್ತಿದ್ದರೆ, ಅದನ್ನು ಅವನ ಸಾಹಸವೆಂದು ಹೊಗಳಿ ಸುಮ್ಮನಾಗುವವರನ್ನು ಏನೆನ್ನಬೇಕು? ಒಬ್ಬನ ಆಪತ್ತನ್ನು ನಂಬಿ ಇತರರ ನಿತ್ಯಸೌಕರ್ಯವು ನಡೆಯುವುದಾದರೆ ಅಧರ್ಮವು ಮಾರಿದವನದಲ್ಲ. ಆ ಏರ್ಪಾಡಿನದು, ಅದರ ಫಲವನ್ನು ತಿಳಿದೂ ಉಣ್ಣುವವರದು.

ಆದುದರಿಂದ ಸಿದ್ಧಾಂತವು ಇಷ್ಟು: ನಿದ್ರೆಯು ಮಾರತಕ್ಕ ವಸ್ತುವಲ್ಲ, ಆದರೆ ಆಪತ್ತಿನಲ್ಲಿ ಮಾರಿದವನು ದೋಷಿಯಲ್ಲ. ಅವನು ಮಾಡತಕ್ಕುದು ಈ ಆಪತ್ತಿಗೆ ಒಂದು ಅವಧಿಯನ್ನು ಗೊತ್ತುಮಾಡಿಕೊಳ್ಳುವುದು. ಸಾಲ ಇಂತಿಷ್ಟು ತೀರಿದ ದಿನ ನಿಲ್ಲಿಸುವೆನೆಂದು ಹೆಂಡತಿಮಕ್ಕಳೆದುರಿಗೆ ಹೇಳಿಬಿಡುವುದು. ಹಗಲಿನ ಯಜಮಾನನು ಮಾಡತಕ್ಕುದು ಹಗಲಿನ ಕೆಲಸಕ್ಕೆ ಹೊಟ್ಟೆ ತುಂಬುವ ಸಂಬಳವನ್ನು ಕೊಡುವುದು. ರಾತ್ರಿಯ ಯಜಮಾನನು ಮಾಡತಕ್ಕುದು ಪಾಳಿಯನ್ನು ವಾರವಾರಕ್ಕೂ ಬದಲಿಸದೆ ಮುಂಚಿತವಾಗಿ ತಿಳಿಸುವುದು. ಶಾಸನವು ಮಾಡತಕ್ಕುದು, ಸಂಬಳದ ವಿಚಾರವನ್ನು ಮೊದಲು ಸರಿಪಡಿಸಿ, ಆಮೇಲೆ ಗಂಟೆಗಳನ್ನು ಯಜಮಾನರ ಪುಸ್ತಕದಿಂದ ಎಣಿಸದೆ ಕೆಲಸಗಾರನ ದೇಹದಿಂದ ಎಣಿಸುವುದು. ಗಿರಾಕಿಯು ಮಾಡತಕ್ಕುದು, ಬೆಳಗ್ಗೆ ಒಂದು ಹಲಗೆ ಬರಿದಾಗಿದ್ದರೆ ಸಿಡುಕದಿರುವುದು.

ಇದೆಲ್ಲವೂ ದೂರದೇಶದ ಮಾತೆಂದು ಭಾವಿಸತಕ್ಕುದಿಲ್ಲ. ಕನ್ನಡನಾಡಿನ ಅನೇಕ ಮನೆಗಳ ಮಕ್ಕಳು ಬ್ರಿಟನ್ನಿಗೆ ಓದಲು ಹೋಗಿದ್ದಾರೆ. ಪದವಿಗಾಗಿ ಓದುವ ಪರದೇಶದ ವಿದ್ಯಾರ್ಥಿಯು ಪಾಠದ ದಿನಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ ೨೦ ಗಂಟೆಯವರೆಗೆ ಸಂಬಳಕ್ಕೆ ದುಡಿಯಲು ಅಲ್ಲಿ ಅನುಮತಿಯುಂಟು. ಹಗಲೆಲ್ಲ ಪಾಠವಿರುವವನಿಗೆ ಸಿಕ್ಕುವುದು ಎಷ್ಟೋ ವೇಳೆ ಇಂತಹ ಅಂಗಡಿಯ ರಾತ್ರಿಯೇ. ಓದೂ ಒಂದು ದುಡಿಮೆಯಾದುದರಿಂದ ಅವನದೂ ಎರಡನೆಯ ಉದ್ಯೋಗವೇ ಆಗುತ್ತದೆ. ಮನೆಯವರು ನೊಂದುಕೊಂಡಾರೆಂದು ಅವನು ಅದನ್ನು ಹೇಳದಿರಬಹುದು. ತಾಯಿಯು ದೂರವಾಣಿಯಲ್ಲಿ ಊಟವಾಯಿತೇ ಎಂದು ತಪ್ಪದೆ ಕೇಳುವಳು. ಆಯಿತು ಎಂದು ಮಗನು ಹೇಳುವನು. ಅದು ನಿಜವೂ ಆಗಿರಬಹುದು. ನಿದ್ರೆಯಾಯಿತೇ ಎಂದು ಮಾತ್ರ ಕೇಳುವ ರೂಢಿಯಿಲ್ಲ. ಇನ್ನು ಮುಂದೆ ಅದನ್ನೂ ಕೇಳುವುದು ಒಳ್ಳೆಯದು. ಉತ್ತರ ಬರುವುದು ಸ್ವಲ್ಪ ತಡವಾದರೆ ತಾಳಿಕೊಂಡು ಕಾಯುವುದು ಇನ್ನೂ ಒಳ್ಳೆಯದು.