ಪ್ರವಾಸದಲ್ಲಿ ಹಿರಿಯರ ಪಾಲು

ಮೂರು ತಲೆಮಾರುಗಳು ಒಂದೇ ಸೂರಿನಡಿ ಬಾಳುವ ಮನೆಗಳು ನಮ್ಮಲ್ಲಿ ವಿರಳವಾಗುತ್ತಿವೆ. ಮಗ ಬೆಂಗಳೂರಿನಲ್ಲಿ, ಮಗಳು ಗಂಡನೊಂದಿಗೆ ದುಬೈಯಲ್ಲಿ, ತಂದೆ ತಾಯಿ ಊರಿನಲ್ಲಿ. ಹೀಗೆ ಚೆದುರಿದವರು ರಜೆಯಲ್ಲಿ ಒಟ್ಟು ಸೇರಿದಾಗ 'ಎಲ್ಲರೂ ಕೂಡಿ ಎಲ್ಲಿಗಾದರೂ ಹೋಗೋಣ' ಎಂಬ ಮಾತು ಬರುವುದು ಸಹಜ. ಟೆಂಪೊ ಟ್ರಾವೆಲರ್ ಗೊತ್ತು ಮಾಡಲಾಗುತ್ತದೆ. ಮಂಗಳೂರಿನಿಂದ ಕಾರವಾರದವರೆಗೆ ಕಡಲಿನ ಪಕ್ಕದಲ್ಲೇ ಹೋಗುವುದೆಂದು ತೀರ್ಮಾನವಾಗುತ್ತದೆ. ಈ ತೀರ್ಮಾನ ಮಾಡಿದವರು ಯಾರು? ಹೆಚ್ಚಿನ ಮನೆಗಳಲ್ಲಿ ಹಣ ಕೊಡುವವರು, ವಾಹನ ಓಡಿಸಬಲ್ಲವರು ಮತ್ತು ಮೊಬೈಲಿನಲ್ಲಿ ದಾರಿ ನೋಡಬಲ್ಲವರು. ಹಿರಿಯರಿಗೆ ತಿಳಿಸಲಾಗುತ್ತದೆ, ಅವರನ್ನು ಕೇಳುವುದಿಲ್ಲ. ತಿಳಿಸುವುದಕ್ಕೂ ಕೇಳುವುದಕ್ಕೂ ಇರುವ ಅಂತರ ಚಿಕ್ಕದೆಂದು ತೋರಬಹುದು. ಆದರೆ ಕುಟುಂಬದೊಳಗಿನ ನ್ಯಾಯದ ಪ್ರಶ್ನೆ ಅಡಗಿರುವುದು ಆ ಅಂತರದಲ್ಲೇ.

'ಕೇಳಿದೆವಲ್ಲ, ನಿಮ್ಮ ಮರ್ಜಿ ಅಂದರು' ಎಂದು ಕೆಲವರು ಹೇಳುವುದುಂಟು. ನಮ್ಮ ಮನೆಗಳ ಹಿರಿಯರು, ಅದರಲ್ಲೂ ಹೆಂಗಸರು, ಈ ಮಾತನ್ನು ಜೀವಮಾನವಿಡೀ ಹೇಳುತ್ತ ಬಂದಿದ್ದಾರೆ. ಮೊದಲು ಅತ್ತೆ ಮಾವಂದಿರಿಗೆ, ಆಮೇಲೆ ಗಂಡನಿಗೆ, ಈಗ ಮಕ್ಕಳಿಗೆ. ಅಭ್ಯಾಸದಿಂದ ಬರುವ ಈ ಮಾತನ್ನು ಒಪ್ಪಿಗೆಯೆಂದು ತಿಳಿದುಕೊಳ್ಳುವುದು ಕಿರಿಯರಿಗೆ ಅನುಕೂಲ. ಪಕ್ಕದಲ್ಲಿ ಕೂತು ಎರಡನೆಯ ಸಲ, ಮೂರನೆಯ ಸಲ ಕೇಳಿ ನೋಡಿದರೆ ಬೇರೆಯೇ ಉತ್ತರ ಬರುತ್ತದೆ. 'ಕುಮಟಾದಲ್ಲಿ ನಮ್ಮ ಖಾಲಾಜಾನ್ ಮಗಳಿದ್ದಾಳೆ, ಅವಳ ಮುಖ ನೋಡಿ ಎಷ್ಟು ವರ್ಷವಾಯಿತೋ!'

ಇಲ್ಲಿ ಎರಡು ಬಗೆಯ ಪಯಣಗಳು ಎದುರುಬದುರಾಗುತ್ತವೆ. ಕಿರಿಯರು ಹೊರಡುವುದು ಸ್ಥಳಗಳನ್ನು ನೋಡಲು. ಹಿರಿಯರು ಹೊರಡುವುದು ಮನುಷ್ಯರನ್ನು ನೋಡಲು. ಬಾಲ್ಯದ ಗೆಳತಿಯ ಮನೆ, ಮದುವೆಯಾಗಿ ಹೋದ ತಂಗಿಯ ಊರು, ತೀರಿಕೊಂಡ ಬಂಧುವಿನ ಕಬರು. ಅವರ ನಕಾಶೆಯಲ್ಲಿರುವುದು ಇಂಥ ಊರುಗಳು. ಎರಡರಲ್ಲಿ ಯಾವುದೂ ಕೀಳಲ್ಲ. ಕಡಲನ್ನು ಮೊದಲ ಸಲ ಕಾಣುವ ಹತ್ತು ವರ್ಷದ ಹುಡುಗನ ಸಂತೋಷಕ್ಕೆ ಬೆಲೆ ಕಟ್ಟಲಾಗದು. ಅವನನ್ನು ಇಡೀ ಮಧ್ಯಾಹ್ನ ಗುರುತಿಲ್ಲದ ನೆಂಟರ ಹಜಾರದಲ್ಲಿ ಕೂಡಿಸುವುದೂ ನ್ಯಾಯವಲ್ಲ. ಹಿರಿಯರನ್ನು ಗೌರವಿಸುವುದೆಂದರೆ ಅವರ ಒಂದು 'ಬೇಡ'ಕ್ಕೆ ಎಲ್ಲರ ಪ್ರವಾಸವನ್ನೂ ನಿಲ್ಲಿಸುವುದೆಂದಲ್ಲ. ಹಾಗಾದರೆ ದಾರಿ ಯಾವುದು? ಪ್ರತಿಯೊಂದು ತಲೆಮಾರಿಗೂ ಅವರದೇ ಆದ ಅರ್ಧ ದಿನವನ್ನು ಬಿಟ್ಟುಕೊಡಬಹುದು. ಆ ಅರ್ಧ ದಿನ ಉಳಿದವರು ಮುಖ ಸಿಂಡರಿಸದೆ ಅವರ ಅತಿಥಿಗಳಾಗಿ ಜೊತೆಗಿರಬೇಕು. ಪಾಲು ಎಂಬ ಮಾತಿಗೆ ಇದಕ್ಕಿಂತ ಸರಳವಾದ ಅರ್ಥ ನಮಗೆ ತೋಚುವುದಿಲ್ಲ.

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿಲೋಮೀಟರ್. ಬೆಳಿಗ್ಗೆ ಹೊರಟರೆ ಸಂಜೆಗೆ ಮುಟ್ಟಬಹುದೆಂದು ಮೊಬೈಲು ಹೇಳುತ್ತದೆ. ಆದರೆ ಮೊಬೈಲಿಗೆ ಮಂಡಿನೋವು ಗೊತ್ತಿಲ್ಲ. ಕಾಪುವಿನಲ್ಲಿ 1901ರ ದೀಪಸ್ತಂಭವಿದೆ. ಅದು ನಿಂತಿರುವುದು ಬಂಡೆಯ ಮೇಲೆ, ಹತ್ತಲು ಮೆಟ್ಟಿಲುಗಳು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕಾದರೆ ಓಲಾಡುವ ದೋಣಿಯನ್ನು ಹತ್ತಿ ಇಳಿಯಬೇಕು. ಕುಮಟಾ ತಾಲೂಕಿನ ಮಿರ್ಜಾನ್ ಕೋಟೆಯ ಕೆಂಪು ಕಲ್ಲಿನ ಗೋಡೆಗಳು ಚೆಲುವಾಗಿವೆ, ಅಲ್ಲಿಯೂ ನಡೆಯದೆ ಗತಿಯಿಲ್ಲ. ಇವೆಲ್ಲವನ್ನೂ ಒಂದೇ ದಿನಕ್ಕೆ ತುಂಬಿದರೆ ಅಜ್ಜಿ ಎಲ್ಲ ಕಡೆಯೂ ವಾಹನದಲ್ಲೇ ಕುಳಿತು ಚೀಲಗಳನ್ನು ಕಾಯಬೇಕಾಗುತ್ತದೆ. ಅದೇ ದಾರಿಯಲ್ಲಿ ಮರವಂತೆಯೂ ಇದೆ. ಅಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಎಂಬತ್ತರ ಅಜ್ಜಿಯೂ ಎಂಟರ ಮೊಮ್ಮಗಳೂ ಅಕ್ಕಪಕ್ಕ ಕೂತು ಸಮಾನವಾಗಿ ನೋಡಬಹುದಾದ ಜಾಗ ಅದು. ಇಂಥ ಜಾಗದಲ್ಲಿ ಹತ್ತು ನಿಮಿಷ ನಿಲ್ಲುವ ಬದಲು ಎರಡು ಗಂಟೆ ನಿಂತರೆ ಎರಡು ಕೋಟೆಗಳು ತಪ್ಪಬಹುದು, ಆದರೆ ಒಬ್ಬರೂ ಹೊರಗುಳಿಯುವುದಿಲ್ಲ.

ನಮ್ಮ ಹೆಂಗಸರ ಇನ್ನೊಂದು ಸಂಕಟವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರಯಾಣದ ದಿನ ಅವರು ಬೆಳಗ್ಗಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗುವುದೋ ಇಲ್ಲವೋ ಎಂಬ ಭಯ, ವಾಹನ ನಿಲ್ಲಿಸಿ ಎಂದು ಅಳಿಯನಿಗೋ ಚಾಲಕನಿಗೋ ಹೇಳಬೇಕಾದ ನಾಚಿಕೆ. ಕರಾವಳಿಯ ಬಿಸಿಲಲ್ಲಿ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವ ಶರೀರ ಹೀಗೆ ಬಾಯಾರಿಕೊಂಡಿರುತ್ತದೆ. ಈ ಬಾಯಾರಿಕೆಯ ನಡುವೆ ನೋಡಿದ ಸೂರ್ಯಾಸ್ತ ಯಾರ ಸಂತೋಷ?

14ನೇ ಶತಮಾನದಲ್ಲಿ ಇದೇ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತ ಹೊನ್ನಾವರವನ್ನೂ ಬಾರಕೂರನ್ನೂ ಮಂಗಳೂರನ್ನೂ ಕಂಡವರು. ಗೋವೆಯಿಂದ ಕೊಲ್ಲಂವರೆಗಿನ ದಾರಿಯ ಬಗ್ಗೆ ಅವರು ಬರೆದಿದ್ದಾರೆ. ದಾರಿಯುದ್ದಕ್ಕೂ ಮರಗಳ ನೆರಳು, ಅರ್ಧರ್ಧ ಮೈಲಿಗೊಂದು ಮರದ ತಂಗುಮನೆ, ಎಲ್ಲ ಧರ್ಮದ ಪ್ರಯಾಣಿಕರೂ ಕೂರಬಹುದಾದ ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ನೀರು ಕೊಡುವ ರೀತಿಯಲ್ಲಿ ಮತಭೇದವಿತ್ತೆಂಬುದನ್ನೂ ಅವರು ಮುಚ್ಚಿಟ್ಟಿಲ್ಲ. ಆದರೂ ಆ ದಾರಿಯನ್ನು ಕಟ್ಟಿದವರ ಲೆಕ್ಕದಲ್ಲಿ ದಣಿದವನೊಬ್ಬನಿದ್ದ. ಇಂದಿನ ಚತುಷ್ಪಥವನ್ನು ಕಟ್ಟಿರುವುದು ವೇಗವಾಗಿ ಹೋಗುವವನಿಗಾಗಿ. ಹೆದ್ದಾರಿಯ ಈ ಕೊರತೆಯನ್ನು ಒಂದು ಕುಟುಂಬ ತುಂಬಲಾರದು. ಎರಡು ಗಂಟೆಗೊಮ್ಮೆ ಎಲ್ಲಿ ನಿಲ್ಲಬೇಕೆಂದು ಮುಂಚೆಯೇ ವಿಚಾರಿಸಿ, ಯಾರೂ ಕೇಳದೆ ತಾನಾಗಿ ನಿಲ್ಲಿಸುವುದಂತೂ ನಮ್ಮ ಕೈಯಲ್ಲಿದೆ.

ಕಾಲದ ಆಯ್ಕೆಯೂ ಹೀಗೆಯೇ. ಕರಾವಳಿ ಅತ್ಯಂತ ಹಸಿರಾಗಿರುವುದು ಮಳೆಗಾಲದಲ್ಲಿ, ಹುಡುಗರಿಗೆ ಆಗಲೇ ಹೋಗುವ ಆಸೆ. ಆದರೆ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು, ಚಹಾದಂಗಡಿಯೊಂದನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿಯ ಬಳಿಕ, ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಅಪಾಯಕ್ಕೆ ಎದೆಯೊಡ್ಡುವ ಹಕ್ಕು ಪ್ರಾಯದವನೊಬ್ಬನಿಗೆ ತನ್ನ ಮಟ್ಟಿಗೆ ಇರಬಹುದು. ಓಡಲಾರದ ಮುದುಕಿಯ ಮತ್ತು ಮಡಿಲ ಕೂಸಿನ ಪರವಾಗಿ ಅದನ್ನು ಚಲಾಯಿಸುವ ಹಕ್ಕು ಅವನಿಗಿಲ್ಲ. 'ಮಳೆ ನಿಲ್ಲಲಿ, ಚಳಿಗಾಲದಲ್ಲಿ ಹೋಗೋಣ' ಎನ್ನುವ ಹಿರಿಯರನ್ನು ಪುಕ್ಕಲರೆಂದು ನಗುವ ಮೊದಲು ಇದನ್ನು ಯೋಚಿಸಬೇಕು.

ಇಷ್ಟೆಲ್ಲ ತೊಂದರೆ ಯಾಕೆ, ಅವರು ಮನೆಯಲ್ಲೇ ಆರಾಮವಾಗಿರಲಿ ಎನ್ನುವವರೂ ಇದ್ದಾರೆ. ಕೇಳಲು ಇದು ಕರುಣೆಯ ಮಾತು. ಆದರೆ ತಾನು ಏನನ್ನು ತಾಳಬಲ್ಲೆ ಎಂದು ಹೇಳಬೇಕಾದವರು ಸ್ವತಃ ಹಿರಿಯರೇ. ಅವರಿಗಾಗಿ ಬೇರೆಯವರು ಉತ್ತರ ಹೇಳಿಬಿಟ್ಟರೆ ಅಲ್ಲಿ ಪ್ರೀತಿಯಿರಬಹುದು, ಗೌರವವಿರುವುದಿಲ್ಲ. ಮನೆಯಲ್ಲಿ ಉಳಿದವರನ್ನು ನೋಡಿಕೊಳ್ಳಲು ಒಬ್ಬ ಸೊಸೆಯೂ ಉಳಿಯಬೇಕಾಗುತ್ತದೆ. ಅವಳು ಹೊರಟರೂ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಿರಿಯಾನಿಯ ದೇಗ್ಚಿಯನ್ನು ಇಳಿಸಿಯೇ ಬಂದಿರುತ್ತಾಳೆ. ಬಡಿಸುವುದು, ತೊಳೆಯುವುದು, ಮಕ್ಕಳ ಒದ್ದೆ ಬಟ್ಟೆ ಹಿಂಡುವುದು ಎಲ್ಲ ಅವಳದೇ. ಅಡುಗೆಮನೆಯನ್ನೇ ಹೊತ್ತು ನಡೆದವಳಿಗೆ ಅದು ಯಾವ ಸೀಮೆಯ ಪ್ರವಾಸ? ಪಾಲಿನ ಲೆಕ್ಕದಲ್ಲಿ ಅವಳ ಅರ್ಧ ದಿನವೂ ಸೇರಬೇಕು.

ಮುಸಾಫಿರನಿಗೆ ಇಸ್ಲಾಮ್ ನಮಾಝನ್ನು ಮೊಟಕುಗೊಳಿಸಿದೆ, ರಮಝಾನಿನ ಉಪವಾಸವನ್ನು ಮುಂದೂಡಲು ಅನುಮತಿ ಕೊಟ್ಟಿದೆ. ನಮಾಝಿಗೆ ನೇತೃತ್ವ ನೀಡುವ ಇಮಾಮನಿಗೂ ಒಂದು ಎಚ್ಚರಿಕೆಯಿದೆ. ಹಿಂದೆ ನಿಂತವರಲ್ಲಿ ದುರ್ಬಲರು, ರೋಗಿಗಳು, ವೃದ್ಧರು ಇರುತ್ತಾರೆ, ಆದ್ದರಿಂದ ಹಗುರಗೊಳಿಸು ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ದೇವರ ಮುಂದೆ ನಿಂತಾಗಲೂ ಹಿಂದಿನ ಸಾಲಿನ ಮುದುಕನನ್ನು ಮರೆಯಬಾರದೆಂದ ಮೇಲೆ, ಕಾರವಾರಕ್ಕೆ ಹೋಗುವ ವಾಹನದಲ್ಲಿ ಮರೆಯಬಹುದೇ?

ಸ್ಥಳಗಳ ಪಟ್ಟಿ ಬರೆಯುವ ಮೊದಲು ಮನೆಯ ಅತ್ಯಂತ ಹಿರಿಯರು ಮಾತಾಡಲಿ, ಆಮೇಲೆ ಅತ್ಯಂತ ಕಿರಿಯರು. ಹಣ ಕೊಡುವವರೂ ವಾಹನ ಓಡಿಸುವವರೂ ಕೊನೆಗೆ ಮಾತಾಡಲಿ. ಹಿರಿಯರ ಮೊದಲ ಉತ್ತರ 'ನಿಮ್ಮ ಮರ್ಜಿ' ಎಂದೇ ಇರುತ್ತದೆ. ಅಲ್ಲಿಗೆ ಏಳದೆ, ಇನ್ನೊಂದು ಲೋಟ ಚಹಾ ತರಿಸಿಕೊಂಡು ಮತ್ತೆ ಕೇಳುವಷ್ಟು ಪುರುಸೊತ್ತು ನಮಗಿರಬೇಕು.