ಕಲ್ಪಿತಲೋಕವೂ ಸತ್ಯಧರ್ಮವೂ

ಇಲ್ಲದ ವಸ್ತುವಿಗೆ ದೃಷ್ಟಾಂತ ಕೊಡಬೇಕಾದಾಗ ನಮ್ಮ ಶಾಸ್ತ್ರಕಾರರು ಮೊಲದ ಕೋಡನ್ನೂ ಬಂಜೆಯ ಮಗನನ್ನೂ ಆಕಾಶದ ಹೂವನ್ನೂ ಹೇಳುವುದು ವಾಡಿಕೆ. ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ನಾವು ಹುಡುಗರು ಒಬ್ಬರನ್ನೊಬ್ಬರು ಕೆಣಕುವುದಕ್ಕಾಗಿ, ಮೊಲದ ಕೋಡು ನೆಟ್ಟಗಿದೆಯೋ ಡೊಂಕಾಗಿದೆಯೋ ಎಂದು ಕೇಳಿಕೊಳ್ಳುತ್ತಿದ್ದೆವು. ನೆಟ್ಟಗಿದೆ ಎಂದವನೂ ಡೊಂಕು ಎಂದವನೂ ಸಮನಾಗಿ ನಗೆಗೀಡಾಗುತ್ತಿದ್ದರು. ಇಲ್ಲದ್ದರ ವಿಷಯದಲ್ಲಿ ನಿಜವೂ ಇಲ್ಲ, ಸುಳ್ಳೂ ಇಲ್ಲ ಎಂದು ನಾನು ಅಂದೇ ನಿಶ್ಚಯಿಸಿಕೊಂಡಿದ್ದೆನು. ಐವತ್ತು ವರ್ಷಗಳ ತರುವಾಯ ಆ ನಿಶ್ಚಯವನ್ನು ಅಲುಗಿಸಿದವನು ನನ್ನ ಮಗಳ ಮಗ.

ಬೇಸಗೆಯ ರಜೆಯಲ್ಲಿ ಅವನು ನಮ್ಮ ಮನೆಗೆ ಬಂದಿದ್ದನು. ಒಂದು ಸಂಜೆ ನನ್ನನ್ನೂ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಒಂದು ಇಂಗ್ಲಿಷ್ ಚಲಚ್ಚಿತ್ರವನ್ನು ನೋಡುತ್ತಿದ್ದನು. ಧರಿಸಿದವನಿಗೆ ಪ್ರಭುತ್ವವನ್ನು ಕೊಟ್ಟು ಅವನ ಮನಸ್ಸನ್ನು ಕೆಡಿಸುವ ಒಂದು ಉಂಗುರ. ಅದನ್ನು ನಾಶಮಾಡಲು ಹೊರಟ ಫ್ರೋಡೋ ಎಂಬ ಗಿಡ್ಡಜಾತಿಯ ಸಾಧು ಜೀವಿ. ದಾರಿಯಲ್ಲಿ ಅವನನ್ನು ಸೆರೆಹಿಡಿದ ಫರಾಮಿರನೆಂಬ ದಳಪತಿ. ಉಂಗುರವನ್ನು ತನ್ನ ತಂದೆಗೆ ಒಪ್ಪಿಸಬೇಕೆಂದು ಫರಾಮಿರನು ಫ್ರೋಡೋವನ್ನು ಎಳೆದುಕೊಂಡು ಹೊರಟ ಕೂಡಲೆ ಹುಡುಗನು ಸಿಡುಕಿದನು. “ಅಜ್ಜ, ಇದು ಸುಳ್ಳು. ಪುಸ್ತಕದಲ್ಲಿ ಫರಾಮಿರ್ ಹೀಗೆ ಮಾಡುವುದೇ ಇಲ್ಲ.” ನಾನು ನಕ್ಕು, “ಹುಟ್ಟದೆ ಇದ್ದವನ ವಿಷಯದಲ್ಲಿ ಸುಳ್ಳು ಹೇಳುವುದು ಹೇಗಪ್ಪಾ?” ಎಂದೆನು. “ಮೊದಲು ಓದಿ ಅಜ್ಜ, ಆಮೇಲೆ ಹೇಳಿ” ಎಂದು ಅವನು ಮೂರು ಸಂಪುಟಗಳನ್ನು ತಂದು ಕೈಗಿಟ್ಟನು. ಓದಿ ಮುಗಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅದರ ಫಲವಾಗಿ ಹುಟ್ಟಿದ ಕೆಲವು ವಿಚಾರಗಳನ್ನು ವಾಚಕ ಮಹಾಶಯರಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.

ಈ ಕಥೆಗಳ ಕರ್ತೃ ಜೆ. ಆರ್. ಆರ್. ಟೋಲ್ಕೀನ್ ಎಂಬವರು. ೧೮೯೨ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಇವರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದರು. ಶಬ್ದಶಾಸ್ತ್ರವೇ ಉಸಿರಾಗಿದ್ದ ಇವರು ಮೊದಲು ಕಲ್ಪಿಸಿದ್ದು ಭಾಷೆಗಳನ್ನು. ಫಿನ್ನಿಷ್ ಭಾಷೆಯ ನಾದಕ್ಕೆ ಮರುಳಾಗಿ ಒಂದನ್ನೂ ವೆಲ್ಷ್ ಭಾಷೆಯ ನಾದಕ್ಕೆ ಮರುಳಾಗಿ ಇನ್ನೊಂದನ್ನೂ ವ್ಯಾಕರಣಸಹಿತವಾಗಿ ಕಟ್ಟಿದರು. ಭಾಷೆಯಿದ್ದಮೇಲೆ ಆಡುವ ಜನ ಬೇಕು. ಜನಕ್ಕೆ ದೇಶ, ಚರಿತ್ರೆ, ಹಾಡುಗಳು ಬೇಕು. ಹೀಗೆ ಹುಟ್ಟಿದ್ದು ಅವರ ಮಧ್ಯಭೂಮಿ. ೧೯೧೬ರಲ್ಲಿ ಸೊಮ್ ರಣರಂಗದಿಂದ ಜ್ವರಪೀಡಿತರಾಗಿ ಮರಳಿ ಚೇತರಿಸಿಕೊಳ್ಳುತ್ತಿದ್ದಾಗ ಆರಂಭಿಸಿದ ಅದರ ಪುರಾಣವು ೧೯೭೩ರಲ್ಲಿ ಅವರು ತೀರಿಕೊಂಡಾಗಲೂ ಮುಗಿದಿರಲಿಲ್ಲ. ಜೀವಿತಕಾಲದಲ್ಲಿ ಆ ಲೋಕದಿಂದ ಹೊರಬಂದ ಮುಖ್ಯ ಗ್ರಂಥಗಳು ಎರಡೇ: ೧೯೩೭ರ ‘ದಿ ಹಾಬಿಟ್’ ಎಂಬ ಮಕ್ಕಳ ಕಥೆ, ೧೯೫೪-೫೫ರಲ್ಲಿ ಮೂರು ಸಂಪುಟಗಳಾಗಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’.

ಕವಿಯು ಕಾವ್ಯಜಗತ್ತಿನ ಪ್ರಜಾಪತಿಯೆಂದು ಆನಂದವರ್ಧನನು ಹೇಳಿರುವುದನ್ನು ನಾವೆಲ್ಲ ಓದಿದ್ದೇವೆ. ಟೋಲ್ಕೀನರು ೧೯೩೯ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಇದಕ್ಕೆ ಸಮೀಪವಾದ ಮಾತೊಂದಿದೆ. ಹಸಿರು ಸೂರ್ಯ ಎಂದು ಯಾರು ಬೇಕಾದರೂ ಹೇಳಬಹುದು. ಆದರೆ ಹಸಿರು ಸೂರ್ಯನು ಬೆಳಗುವ ಲೋಕವನ್ನು ಓದುಗನು ನಂಬುವಂತೆ ಕಟ್ಟುವುದಕ್ಕೆ ಶ್ರಮವೂ ವಿಚಾರವೂ ಬೇಕೆಂಬುದು ಅದರ ತಾತ್ಪರ್ಯ. ಪ್ರಜಾಪತಿಯಾದವನು ತಾನು ವಿಧಿಸಿದ ನಿಯಮಕ್ಕೆ ತಾನೂ ಅಧೀನನೆಂದು ಇದರಿಂದ ಏರ್ಪಡುತ್ತದೆ.

ಇದು ಬರಿಯ ಮಾತಾಗಿ ಉಳಿಯಲಿಲ್ಲ. ‘ಹಾಬಿಟ್’ ಕಥೆಯ ಮೊದಲನೆಯ ಮುದ್ರಣದಲ್ಲಿ, ಗುಹೆಯೊಳಗಿನ ಗೊಲ್ಲಮ್ ಎಂಬ ಪ್ರಾಣಿಯು ಒಗಟಿನ ಪಂದ್ಯದಲ್ಲಿ ಸೋತರೆ ಉಂಗುರವನ್ನು ಉಡುಗೊರೆಯಾಗಿ ಕೊಡುವೆನೆಂದು ತಾನಾಗಿಯೇ ಒಪ್ಪುತ್ತದೆ. ಮುಂದಿನ ದೊಡ್ಡ ಗ್ರಂಥವನ್ನು ಬರೆಯುವಾಗ, ಅಂತಹ ಉಂಗುರವನ್ನು ಅದು ಎಂದಿಗೂ ಬಿಟ್ಟುಕೊಡಲಾರದೆಂದು ಕರ್ತೃವಿಗೆ ತಿಳಿಯಿತು. ೧೯೫೧ರ ಮುದ್ರಣದಲ್ಲಿ ಆ ಪ್ರಕರಣವನ್ನು ತಿದ್ದಿ ಬರೆದರು. ಹಳೆಯ ಪಾಠವನ್ನಾದರೂ ಅಳಿಸಿ ಮರೆಮಾಡದೆ, ಅದು ಕಥಾನಾಯಕನಾದ ಬಿಲ್ಬೋ ತನ್ನ ಹಕ್ಕನ್ನು ಸಾಧಿಸುವುದಕ್ಕಾಗಿ ಗೆಳೆಯರಿಗೆ ಹೇಳಿದ್ದ ಸುಳ್ಳು ಎಂದು ದೊಡ್ಡ ಗ್ರಂಥದ ಪೀಠಿಕೆಯಲ್ಲಿ ವಿವರಿಸಿದರು. ತಮ್ಮ ತಪ್ಪಿಗೂ ಅವರು ಲೆಕ್ಕ ಒಪ್ಪಿಸಿದರು.

ಅವರ ಮೂರನೆಯ ಮಗ ಕ್ರಿಸ್ಟೊಫರರು ತಮ್ಮ ಬಾಲ್ಯದ ಒಂದು ಪ್ರಸಂಗವನ್ನು ಬರೆದಿದ್ದಾರೆ. ತಂದೆ ರಾತ್ರಿ ಕಥೆ ಹೇಳುತ್ತಿದ್ದಾಗ ನಾಲ್ಕೈದು ವರ್ಷದ ಮಗು ನಡುವೆ ತಡೆದು, ಬಿಲ್ಬೋವಿನ ಮುಂಬಾಗಿಲು ಹಿಂದಿನ ಸಲ ನೀಲಿಯಾಗಿತ್ತು, ಈಗ ಹಸಿರಾಯಿತೇಕೆ ಎಂದು ಕೇಳಿತಂತೆ. ತಂದೆ ಗೊಣಗಿಕೊಂಡು ಮೇಜಿನ ಬಳಿಗೆ ಹೋಗಿ ಗುರುತು ಹಾಕಿಕೊಂಡರಂತೆ. ನನ್ನ ಮೊಮ್ಮಗನ ಸಿಡುಕೂ ಆ ಮಗುವಿನ ಆಕ್ಷೇಪವೂ ಒಂದೇ ಜಾತಿಯವು. ಕಲ್ಪಿತಲೋಕದಲ್ಲಿ ಸರಿ ತಪ್ಪುಗಳು ಉಂಟೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ನನಗೆ ಬೇಕಾಗಲಿಲ್ಲ.

ಹಾಗಾದರೆ ಆ ಲೋಕವನ್ನು ಬೇರೊಬ್ಬರು ಕೈಗೆತ್ತಿಕೊಂಡಾಗ ಧರ್ಮವೇನು? ಇಲ್ಲಿ ಪೂರ್ವಪಕ್ಷವು ಬಲವಾಗಿಯೇ ಇದೆ. ಟೋಲ್ಕೀನರು ತಾವೇ ೧೯೫೧ರ ಸುಮಾರಿನ ಒಂದು ಪತ್ರದಲ್ಲಿ, ತಮ್ಮ ಪುರಾಣದ ಕೆಲವು ಭಾಗಗಳನ್ನು ಸ್ಥೂಲವಾಗಿ ಬಿಟ್ಟು, ಚಿತ್ರ ಸಂಗೀತ ನಾಟಕಗಳನ್ನು ಬಲ್ಲ ಬೇರೆ ಕೈಗಳಿಗೆ ಅವಕಾಶ ಮಾಡಬೇಕೆಂದು ಹಿಂದೊಮ್ಮೆ ಆಶಿಸಿದ್ದುದಾಗಿ ಬರೆದಿದ್ದಾರೆ. ೧೯೬೯ರಲ್ಲಿ ಚಲಚ್ಚಿತ್ರದ ಹಕ್ಕುಗಳನ್ನು ಮಾರಿದವರೂ ಅವರೇ. ನಮ್ಮಲ್ಲಿಯಾದರೂ ವ್ಯಾಸರ ದ್ರೌಪದಿಯನ್ನು ಪಂಪನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದನು. ಅವನನ್ನು ಯಾರೂ ಸುಳ್ಳುಗಾರನೆನ್ನಲಿಲ್ಲ. ಹೀಗಿರಲು ಚಿತ್ರ ಮಾಡಿದವರ ಮೇಲೆ ದೋಷಾರೋಪಣೆ ಏಕೆ?

ಇದನ್ನು ವಿಂಗಡಿಸಿ ನೋಡುವುದಕ್ಕೆ ನನಗೆ ನಮ್ಮ ವ್ಯಾಕರಣವೇ ನೆರವಾಯಿತು. ಎರಡು ಪದಗಳು ಕೂಡುವಾಗ ಆಗುವ ಬದಲಾವಣೆ ಮೂರು ಬಗೆ: ಲೋಪ, ಆಗಮ, ಆದೇಶ. ಒಂದು ಗ್ರಂಥವು ಮತ್ತೊಂದು ಕಲೆಯೊಡನೆ ಕೂಡುವಾಗಲೂ ಹೀಗೆಯೇ. ೨೦೦೧, ೨೦೦೨, ೨೦೦೩ರಲ್ಲಿ ಪೀಟರ್ ಜಾಕ್ಸನ್ನರು ನಿರ್ದೇಶಿಸಿದ ಮೂರು ಚಿತ್ರಗಳಲ್ಲಿ ಟಾಮ್ ಬಾಂಬಡಿಲ್ ಎಂಬ ವನವಾಸಿಯೇ ಇಲ್ಲ, ಇದು ಲೋಪ. ಅವರೇ ೨೦೧೨ರಿಂದ ೨೦೧೪ರವರೆಗೆ ‘ಹಾಬಿಟ್’ ಎಂಬ ಸಣ್ಣ ಪುಸ್ತಕವನ್ನು ಮೂರು ಚಿತ್ರಗಳಾಗಿ ಹಿಗ್ಗಿಸಿದಾಗ, ಟೋಲ್ಕೀನರ ಯಾವ ಪುಟದಲ್ಲಿಯೂ ಇಲ್ಲದ ಟಾರಿಯೆಲ್ ಎಂಬ ವೀರಸ್ತ್ರೀ ಬಂದು ಸೇರಿದಳು, ಇದು ಆಗಮ. ಫರಾಮಿರನ ಸ್ವಭಾವ ತಿರುಗಿದ್ದು ಆದೇಶ. ೨೦೨೨ರಲ್ಲಿ ಆರಂಭವಾದ ‘ದಿ ರಿಂಗ್ಸ್ ಆಫ್ ಪವರ್’ ಎಂಬ ಧಾರಾವಾಹಿಯಲ್ಲಿ ಸಾವಿರಾರು ವರ್ಷಗಳ ಅಂತರದ ಘಟನೆಗಳು ಕೆಲವು ಮಾನವರ ಒಂದೇ ಜೀವಿತಕಾಲಕ್ಕೆ ಬಂದು ಕುಳಿತಿರುವುದೂ ಆದೇಶವೇ.

ಲೋಪವು ಅನಿವಾರ್ಯ, ಆಗಮವು ಸಹ್ಯ. ಆದೇಶದಲ್ಲಿ ಮಾತ್ರ ಒಬ್ಬರ ಸ್ಥಾನದಲ್ಲಿ ಮತ್ತೊಬ್ಬರು ಅದೇ ಹೆಸರನ್ನು ಹೊತ್ತು ನಿಲ್ಲುತ್ತಾರೆ. ೧೯೫೮ರಲ್ಲಿ ಅಮೆರಿಕದವರು ಸಿದ್ಧಪಡಿಸಿದ್ದ ಒಂದು ಚಿತ್ರಕಥೆಯನ್ನು ಓದಿದ ಟೋಲ್ಕೀನರು, ಕಥೆಯೂ ದೃಶ್ಯಗಳೂ ಕೆಡುವುದಕ್ಕಿಂತ ಪಾತ್ರಗಳ ಸ್ವಭಾವ ಕೆಡುವುದು ತಮಗೆ ಹೆಚ್ಚು ನೋವೆಂದು ಬರೆದರು. ಪುಸ್ತಕದ ಫರಾಮಿರನು, ಆ ವಸ್ತು ದಾರಿಯಲ್ಲಿ ಬಿದ್ದಿದ್ದರೂ ಎತ್ತಿಕೊಳ್ಳೆನೆಂದು ಅದು ಏನೆಂದು ತಿಳಿಯುವ ಮೊದಲೇ ಆಡಿರುತ್ತಾನೆ. ತಿಳಿದಮೇಲೆ ಆಡಿದ ಮಾತಿಗೆ ನಿಲ್ಲುತ್ತಾನೆ. ಚಿತ್ರದ ಫರಾಮಿರನು ಮೊದಲು ಸೋತು ಆಮೇಲೆ ಗೆಲ್ಲುತ್ತಾನೆ. ಯಾರೋ ಒಬ್ಬನು ಮೋಹಗೊಳ್ಳದೆ ಇದ್ದರೆ ಉಂಗುರದ ಭಯಂಕರತೆಯೇ ಪ್ರೇಕ್ಷಕರಿಗೆ ಕಡಿಮೆಯಾಗುವುದೆಂದು ಚಿತ್ರಕಾರರು ಸಮಾಧಾನ ಹೇಳಿದ್ದಾರೆ. ಸೋಲದ ಮನುಷ್ಯರು ಕೆಲವರುಂಟೆಂದು ಗ್ರಂಥಕರ್ತರ ನಂಬಿಕೆ, ಇಲ್ಲವೆಂದು ಇವರದು. ಮೂವತ್ತೈದು ವರ್ಷ ಮಕ್ಕಳ ನಡುವೆ ಕಳೆದ ನಾನು ಗ್ರಂಥಕರ್ತರ ಕಡೆಯವನು. ಆದರೂ ಮೊಮ್ಮಗನು ಹೇಳಿದಂತೆ ಇದನ್ನು ಸುಳ್ಳೆನ್ನಲಾರೆ. ಚಿತ್ರದ ಮೇಲೆ ಚಿತ್ರಕಾರರ ಹೆಸರಿದೆ, ಪುಸ್ತಕವೂ ಅಂಗಡಿಯಲ್ಲಿದೆ. ಪಂಪನೂ ತನ್ನ ಕಾವ್ಯವನ್ನು ವ್ಯಾಸರದೆಂದು ಕೊಡಲಿಲ್ಲ. ಇವೆಲ್ಲ ಮತಭೇದಗಳು, ಒಪ್ಪದವರು ಪುಸ್ತಕವನ್ನು ತೆರೆದು ತೋರಿಸಿ ವಾದಿಸಬಹುದು.

ಇನ್ನು ಮಗನ ಪ್ರಸಂಗಕ್ಕೆ ಬರುತ್ತೇನೆ. ವಿಷಯದ ತಿರುಳು ಅಲ್ಲಿದೆ. ತಂದೆ ಸತ್ತಾಗ ಉಳಿದದ್ದು ಅರ್ಧ ಶತಮಾನದ ಕಾಗದರಾಶಿ. ಒಂದೇ ಕಥೆಗೆ ಹಲವು ಪಾಠಗಳು. ಕ್ರಿಸ್ಟೊಫರರು ಆಕ್ಸ್‌ಫರ್ಡಿನ ಅಧ್ಯಾಪಕ ವೃತ್ತಿಯನ್ನು ೧೯೭೫ರಲ್ಲಿ ಬಿಟ್ಟು ಅದರ ಮುಂದೆ ಕುಳಿತರು. ೧೯೭೭ರಲ್ಲಿ ‘ದಿ ಸಿಲ್ಮರಿಲಿಯನ್’ ಹೊರಬಂದಿತು. ಅದು ಒಡಕಿಲ್ಲದ ಒಂದೇ ಕಥೆಯಾಗಿ, ಟಿಪ್ಪಣಿಗಳಿಲ್ಲದೆ, ತಂದೆಯ ಹೆಸರಿನಲ್ಲಿ ಅಚ್ಚಾಯಿತು. ಆದರೆ ಅದರಲ್ಲಿ ಡೋರಿಯತ್ ಎಂಬ ರಾಜ್ಯದ ಪತನವನ್ನು ಹೇಳುವ ಅಧ್ಯಾಯವೊಂದಿದೆ. ಆ ಭಾಗವನ್ನು ತಂದೆ ೧೯೩೦ರ ತರುವಾಯ ಪೂರ್ಣವಾಗಿ ಬರೆದಿರಲಿಲ್ಲ. ಮೊದಲು ಬರೆದದ್ದು ಮುಂದೆ ಬೆಳೆದ ಕಥೆಗೆ ಹೊಂದುತ್ತಿರಲಿಲ್ಲ. ರಾಣಿಯ ಮಾಯೆಯ ಬೇಲಿಯನ್ನು ದಾಟಿ ಶತ್ರುಸೈನ್ಯವು ಒಳಹೊಕ್ಕದ್ದು ಹೇಗೆ ಎಂಬ ಗಂಟನ್ನು ತಂದೆ ಬಿಡಿಸದೆ ಹೋಗಿದ್ದರು. ಮಗನು, ಸಹಾಯಕ್ಕಿದ್ದ ಗೈ ಗೇವ್ರಿಯಲ್ ಕೇ ಎಂಬ ತರುಣನೊಡನೆ ಕೂಡಿ, ರಾಜನು ತನ್ನ ಗುಹೆಯರಮನೆಯೊಳಗೇ ಕುಬ್ಜರಾದ ಕಮ್ಮಾರರ ಕೈಯಲ್ಲಿ ಹತನಾದಂತೆ ಕಲ್ಪಿಸಿ ಗಂಟನ್ನು ಬಿಡಿಸಿದರು.

ಆ ಪುಟಗಳನ್ನು ಓದಿದ ಯಾರಿಗೂ ಅದು ಮಗನ ಕೈವಾಡವೆಂದು ತಿಳಿಯುವ ಬಗೆಯಿರಲಿಲ್ಲ. ತಿಳಿಸಿದವರು ಮಗನೇ. ೧೯೮೩ರಿಂದ ೧೯೯೬ರವರೆಗೆ ಹನ್ನೆರಡು ಸಂಪುಟಗಳಲ್ಲಿ ತಂದೆಯ ಕಾಗದಗಳನ್ನು ಪಾಠಾಂತರಗಳೊಡನೆ ಬಿಡಿಸಿ ಅಚ್ಚುಮಾಡಿಸಿದರು. ೧೯೯೪ರಲ್ಲಿ ಬಂದ ಹನ್ನೊಂದನೆಯ ಸಂಪುಟದಲ್ಲಿ ಆ ಅಧ್ಯಾಯದ ಕಲ್ಪನೆ ತಂದೆಯದಲ್ಲವೆಂದೂ, ಸಂಪಾದಕನ ಎಲ್ಲೆಯನ್ನು ಮೀರಿದ್ದು ತಪ್ಪೆಂದು ಈಗ ತಮಗೆ ತೋರುತ್ತದೆಂದೂ ಒಪ್ಪಿಕೊಂಡರು. ಹದಿನೇಳು ವರ್ಷ ಮೆಚ್ಚುಗೆ ಪಡೆದಿದ್ದ ಗ್ರಂಥದ ವಿಷಯದಲ್ಲಿ, ಯಾರೂ ಕೇಳದೆ ಇರುವಾಗ, ಈ ಮಾತನ್ನು ಬರೆಯುವುದು ಸುಲಭವಲ್ಲ. ಮುಂದೆ ೨೦೧೭ರಲ್ಲಿ ‘ಬೆರೆನ್ ಮತ್ತು ಲೂಥಿಯೆನ್’ ಕಥೆಯನ್ನೂ ೨೦೧೮ರಲ್ಲಿ ‘ಗೊಂಡೊಲಿನ್ನಿನ ಪತನ’ವನ್ನೂ ಹೊರತಂದಾಗ, ತಂದೆಯ ಬೇರೆ ಬೇರೆ ಪಾಠಗಳನ್ನು ಬೆಸೆಯದೆ ಒಂದಾದಮೇಲೊಂದರಂತೆ ಇಟ್ಟರು, ಅಪೂರ್ಣವಾದುದನ್ನು ಅಪೂರ್ಣವಾಗಿಯೇ ಬಿಟ್ಟರು. ೨೦೨೦ರಲ್ಲಿ ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಸಂಸ್ಕೃತ ಬಲ್ಲವರಿಗೆ ಇಲ್ಲಿ ಬಾಣಭಟ್ಟನ ಮಗನ ನೆನಪಾಗದೆ ಇರದು. ತಂದೆ ಅರ್ಧಕ್ಕೆ ಬಿಟ್ಟುಹೋದ ಕಾದಂಬರಿಯನ್ನು ಅವನು ಪೂರ್ತಿಮಾಡಿದನು. ಆದರೆ ಉತ್ತರಭಾಗದ ಆರಂಭದಲ್ಲಿಯೇ ತಂದೆ ಸ್ವರ್ಗಸ್ಥನಾದುದನ್ನೂ, ಕಥೆ ನಿಂತುಹೋದುದಕ್ಕೆ ಸಜ್ಜನರು ಪಡುವ ದುಃಖವನ್ನು ನೋಡಿ ತಾನು ಕೈಹಚ್ಚಿದುದನ್ನೂ, ಇದು ಕವಿತ್ವದ ಗರ್ವದಿಂದಲ್ಲವೆಂಬುದನ್ನೂ ಹೇಳಿಕೊಂಡನು. ಅವನ ಗದ್ಯವು ತಂದೆಯ ಗದ್ಯಕ್ಕೆ ಸಮವಲ್ಲವೆಂದು ಪಂಡಿತರು ಹೇಳುವುದುಂಟು. ಆದರೆ ತಂದೆ ಎಲ್ಲಿ ನಿಂತನು, ಮಗ ಎಲ್ಲಿಂದ ಹೊರಟನು ಎಂಬುದರಲ್ಲಿ ಇಂದಿಗೂ ಸಂದೇಹವಿಲ್ಲ.

ಆದಕಾರಣ ನನಗೆ ತೋರಿದ ಸಿದ್ಧಾಂತ ಇದು. ಕಲ್ಪಿತಲೋಕದ ವಿಷಯದಲ್ಲಿಯೂ ಸುಳ್ಳು ಸಾಧ್ಯ. ಆದರೆ ಆ ಸುಳ್ಳು ಇರುವುದು ಆ ಲೋಕದಲ್ಲಿ ಏನು ನಡೆಯಿತೆಂಬುದರಲ್ಲಿ ಅಲ್ಲ, ಅದನ್ನು ಹೇಳಿದವರು ಯಾರೆಂಬುದರಲ್ಲಿ. ತನ್ನ ಮಾತನ್ನು ಗುರುತಿಲ್ಲದೆ ಮತ್ತೊಬ್ಬನ ಬಾಯಲ್ಲಿ ಇಡುವುದಕ್ಕೆ ನಮ್ಮವರು ಪ್ರಕ್ಷೇಪವೆಂದು ಹೆಸರಿಟ್ಟಿದ್ದಾರೆ. ಹಣಕ್ಕಾಗಿ ಕಥೆಯನ್ನು ತಿರುಗಿಸಿದ ಪರಕೀಯನ ಕೈ ಎಲ್ಲರಿಗೂ ಕಾಣುತ್ತದೆ. ಭಕ್ತಿಯಿಂದ ಬಿರುಕನ್ನು ಮುಚ್ಚಿದ ಮಗನ ಕೈ, ಶಿಷ್ಯನ ಕೈ ಕಾಣುವುದಿಲ್ಲ. ಆದುದರಿಂದ ಪ್ರಕ್ಷೇಪದ ಅಪಾಯ ಪ್ರೀತಿಯುಳ್ಳವನಿಗೇ ಹೆಚ್ಚು.

ಇದನ್ನು ಇಷ್ಟು ನಿಶ್ಚಯವಾಗಿ ಹೇಳುವುದಕ್ಕೆ ನನಗೆ ಕಾರಣವುಂಟು. ಪಾಠಶಾಲೆಯಲ್ಲಿ ನನಗೆ ಕಾವ್ಯಪಾಠ ಹೇಳಿದ ಗುರುಗಳು ವಾರ್ಧಕ ಷಟ್ಪದಿಯಲ್ಲಿ ಒಂದು ಕಾವ್ಯವನ್ನು ಬರೆದಿಟ್ಟಿದ್ದರು. ಅವರು ಕಾಲವಾದ ಮೇಲೆ ಶಿಷ್ಯರೆಲ್ಲ ಸೇರಿ ಅದನ್ನು ಅಚ್ಚುಹಾಕಿಸಿದೆವು. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತು. ಹಸ್ತಪ್ರತಿಯ ಒಂದು ಹಾಳೆ ಗೆದ್ದಲಿಗೆ ಆಹಾರವಾಗಿತ್ತು. ಗುರುಗಳ ಗ್ರಂಥದಲ್ಲಿ ಚುಕ್ಕಿಗಳ ಸಾಲು ಅಚ್ಚಾಗುವುದನ್ನು ಸಹಿಸಲಾರದೆ, ಒಂದು ರಾತ್ರಿ ಕುಳಿತು ಮೂರು ಪದ್ಯಗಳನ್ನು ಕಟ್ಟಿ ಅಲ್ಲಿ ಸೇರಿಸಿದೆನು. ಮುನ್ನುಡಿಯಲ್ಲಿ ಅದನ್ನು ಹೇಳಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಗಮಕ ಸಭೆಯಲ್ಲಿ ಆ ಮೂರರಲ್ಲಿ ಒಂದನ್ನು ವಾಚಿಸಿ, ವ್ಯಾಖ್ಯಾನಕಾರರು ಗುರುಗಳ ಪ್ರತಿಭೆಯನ್ನು ಬಹಳ ಹೊಗಳಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನು ತಲೆದೂಗಿದೆನು. ಗುರುಗಳಿಗೆ ಕೀರ್ತಿ ತಂದೆನೆಂದು ಅಂದು ಸಂತೋಷವಾಗಿತ್ತು. ಅವರು ಆಡದ ಮಾತನ್ನು ಅವರ ತಲೆಗೆ ಕಟ್ಟಿದೆನೆಂಬುದು, ಕ್ರಿಸ್ಟೊಫರರ ಆ ಒಪ್ಪಿಗೆಯನ್ನು ಓದಿದಮೇಲೆ ಮನಸ್ಸಿಗೆ ತಟ್ಟಿತು.

ಗುರುಗಳ ಹೆಸರನ್ನು ಈ ಜಿಲ್ಲೆಯ ವಾಚಕರಿಗೆ ಹೇಳಬೇಕಾಗಿಲ್ಲ; ಆ ಪುಸ್ತಕ ಅನೇಕರ ಮನೆಯಲ್ಲಿದೆ. ಎರಡನೆಯ ಸಂಧಿಯ ೩೧, ೩೨, ೩೩ನೆಯ ಪದ್ಯಗಳು ಅವರವಲ್ಲ, ನನ್ನವು. ಪ್ರತಿಯನ್ನು ಇಟ್ಟುಕೊಂಡಿರುವವರು ದಯವಿಟ್ಟು ಆ ಪುಟದ ಅಂಚಿನಲ್ಲಿ ಒಂದು ಗುರುತು ಹಾಕಬೇಕೆಂದು ಬೇಡಿಕೊಳ್ಳುತ್ತೇನೆ.