ಮೂಲದೊಡನೆ ತಾಳೆ ನೋಡಿದೆ

ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಚಿಕ್ಕದು ಎಂದರೆ ಝೆರಾಕ್ಸ್ ಪ್ರತಿಗಳ ಮೇಲೆ ಸಹಿ ಹಾಕುವುದು. ಮೂಲ ಕಾಗದವನ್ನೊಮ್ಮೆ, ಪ್ರತಿಯನ್ನೊಮ್ಮೆ ನೋಡಿ, ‘ಮೂಲದೊಡನೆ ತಾಳೆ ನೋಡಿದೆ’ ಎಂಬರ್ಥದ ಮೊಹರು ಒತ್ತಿ ಸಹಿ ಮಾಡಬೇಕು. ನಿಜ ಹೇಳಬೇಕೆಂದರೆ, ಕೌಂಟರಿನ ಮುಂದೆ ಸಾಲು ಉದ್ದವಿದ್ದ ದಿನ ಮೂಲದ ಮೇಲೆ ಸುಮ್ಮನೆ ಕಣ್ಣು ಹಾಯಿಸಿ ಸಹಿ ಮಾಡಿದ್ದೂ ಉಂಟು. ನಿವೃತ್ತಿಯಾಗಿ ಕೆಲವು ವರ್ಷಗಳ ಮೇಲೆ ಆ ಮೊಹರು ಮತ್ತೆ ನೆನಪಾಯಿತು. ಅದಕ್ಕೆ ಕಾರಣ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ.

ಗದಗಿನ ಕಡೆಯ ನಾನು ಪುಣೆಗೆ ಬಂದು ನಿಂತಾಗ ಊರನ್ನು ಹತ್ತಿರ ಮಾಡಿದ್ದು ಸಂಗೀತ. ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ಇಲ್ಲಿ ಉತ್ಸವ ನಡೆಯುತ್ತ ಬಂದಿದೆ. ಅದನ್ನು ಬೆಳೆಸಿದ ಭೀಮಸೇನ ಜೋಶಿಯವರೂ ನಮ್ಮ ಕಡೆಯವರೇ. ರಮಣಬಾಗ ಶಾಲೆಯ ಮೈದಾನದಲ್ಲಿ ಚಳಿಯಲ್ಲಿ ಶಾಲು ಹೊದ್ದು ಕೂತು ಕೇಳಿದ ರಾತ್ರಿಗಳು ಎಷ್ಟೋ. 2011ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ ಆ ದನಿ ನನಗೆ ಉಳಿದದ್ದು ಮನೆಯ ಯಂತ್ರದಲ್ಲಿ ಮಾತ್ರ. ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್, ಲ್ಯಾಪ್‌ಟಾಪಿನಿಂದ ಅದಕ್ಕೊಂದು ವೈರು. ಆದರೂ ಏನೋ ಕಡಿಮೆ ಎನ್ನಿಸುತ್ತಿತ್ತು. ಆ ಕಡಿಮೆ ಯಂತ್ರದ್ದೇ ಎಂದು ನಂಬಿ ಇಪ್ಪತ್ತೆಂಟು ಸಾವಿರ ಕೊಟ್ಟು ಡ್ಯಾಕ್ ತಂದೆ. ಡಿಜಿಟಲ್ ಟು ಅನಲಾಗ್ ಕನ್ವರ್ಟರ್.

ಅದರ ಕೆಲಸ ಕೇಳಿದರೆ ಲೆಕ್ಕದವನಿಗೆ ಖುಷಿಯಾಗುತ್ತದೆ. ಗಾಯಕನ ದನಿ ಗಾಳಿಯಲ್ಲಿ ಅಲೆ. ಸಿಡಿಗೆ ಇಳಿಸುವಾಗ ಆ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಒಂದೊಂದು ಅಳತೆಯೂ 65,536 ಮೆಟ್ಟಿಲುಗಳಲ್ಲಿ ಯಾವುದೋ ಒಂದರ ಮೇಲೆ ಕೂರುತ್ತದೆ. ಅಂದರೆ ಅಲ್ಲಿರುವುದು ರಾಗವಲ್ಲ, ಖಾತೆ ಪುಸ್ತಕ. ಆ ಅಂಕಿಗಳನ್ನು ಓದಿ ಮತ್ತೆ ಅಲೆ ಮಾಡುವವನೇ ಈ ಡ್ಯಾಕ್. ಪ್ರತಿ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಅಂಥದೊಂದು ಇದ್ದೇ ಇರುತ್ತದೆ. ಪ್ರತ್ಯೇಕ ಪೆಟ್ಟಿಗೆ ಇನ್ನೂ ಚೊಕ್ಕಟವಾಗಿ ಮಾಡುತ್ತದೆ ಎಂಬುದು ನಮ್ಮಂಥವರ ನಂಬಿಕೆ. ಹೈ-ಫೈ ಎಂದರೆ ಹೈ ಫಿಡೆಲಿಟಿ. ಫಿಡೆಲಿಟಿ ಎಂದರೆ ನಿಷ್ಠೆ. ಗಂಡ ಹೆಂಡತಿಗೆ, ನೌಕರ ಧಣಿಗೆ ತೋರಿಸಬೇಕಾದದ್ದನ್ನು ಯಂತ್ರ ಮೂಲಕ್ಕೆ ತೋರಿಸಬೇಕು.

ಹೊಸ ಪೆಟ್ಟಿಗೆಯಲ್ಲಿ ವಾರವಿಡೀ ಸಂಗೀತ ಕೇಳಿದೆ. ತಂಬೂರಿಯ ತಂತಿ ತಂತಿ ಬೇರೆ ಕೇಳಿದಂತಾಯಿತು. ಆ ಹುರುಪಿನಲ್ಲಿ ಒಂದು ಮಧ್ಯಾಹ್ನ, ಬಹುಕಾಲ ಮುಟ್ಟದೇ ಇಟ್ಟಿದ್ದ ಒಂದು ಫೈಲನ್ನು ತೆರೆದೆ. ಅದು ನನ್ನ ಅವ್ವನ ಕ್ಯಾಸೆಟ್.

1987ರಲ್ಲಿ ನಮ್ಮ ಊರಿನ ಮನೆಯಲ್ಲಿ ಫೋನಿರಲಿಲ್ಲ. ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. ಪಕ್ಕದ ಮನೆಯವರ ಟೂ-ಇನ್-ಒನ್ ಮುಂದೆ ಕೂತು ಮಾತಾಡಿ, ಪುಣೆಗೆ ಬರುವವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದಳು. ಆ ವರ್ಷದ ಜೂನಿನಲ್ಲಿ ಬಂದದ್ದೇ ಕೊನೆಯದು. ದೀಪಾವಳಿಗೆ ಹೋಗಿ ಬಂದೆ. ಸಂಕ್ರಾಂತಿಯ ಹೊತ್ತಿಗೆ ಅವ್ವ ಇರಲಿಲ್ಲ. ಕ್ಯಾಸೆಟ್ ಹಾಳಾಗುವ ಮೊದಲು ಮಗ ಅದನ್ನು ಕಂಪ್ಯೂಟರಿಗೆ ಇಳಿಸಿಟ್ಟಿದ್ದ. ನನಗೆ ಕೇಳುವ ಧೈರ್ಯ ಬಂದಿರಲಿಲ್ಲ.

ಮಳಿ ಆತು, ಎಮ್ಮಿ ಈದೈತಿ, ಇಂಥವರ ಮಗಳ ಲಗ್ನ ಗಟ್ಟಿ ಆತು. ಎಲ್ಲ ನೆನಪಿದ್ದದ್ದೇ. “ನಾ ಆರಾಮ ಅದೀನಿ, ನನ್ನ ಚಿಂತಿ ಮಾಡಬ್ಯಾಡ.” ಆದರೆ ಪ್ರತಿ ಮಾತಿನ ಕೊನೆಗೂ ಅವಳು ನಿಲ್ಲುತ್ತಿದ್ದಳು. ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಒಮ್ಮೆ ಮುಖ ಆಚೆ ತಿರುಗಿಸಿ ಕೆಮ್ಮಿದಳು. ಕೋಣೆಯಲ್ಲಿದ್ದ ಯಾವುದೋ ಕೂಸು “ಅಜ್ಜೀ, ನೀರು ಕುಡಿ” ಅಂದಿತು.

ನಾನು ಹೆಂಡತಿಯನ್ನು ಕರೆದೆ. “ಕೇಳಿಲ್ಲಿ. ಆಗಿನ ಡಬ್ಬಾ ಟೇಪ್ ರೆಕಾರ್ಡರಿನೊಳಗ ಇದೆಲ್ಲಾ ಎಲ್ಲಿ ಕೇಳಸಬೇಕು!”

ಆಕೆ ನಿಂತೇ ಕೇಳಿದಳು. ಆಮೇಲೆ ಅಂದಳು: “ಆವಾಗೂ ಕೇಳಿಸಿತ್ತರಿ. ಅತ್ತಿಯವರಿಗೆ ದಮ್ಮು ಹತ್ತೇತಿ, ಒಮ್ಮೆ ಹೋಗಿ ಬರೋಣು ಅಂತ ಅಂದಿದ್ನಲ್ಲ. ಕ್ಲೋಸಿಂಗ್ ಮುಗೀಲಿ ಅಂದಿದ್ರಿ ನೀವು.”

ಜೂನ್ 30ರ ಅರ್ಧವಾರ್ಷಿಕ ಲೆಕ್ಕ. ಹೌದು, ಅಂದಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಮನಸ್ಸು ಯಂತ್ರದ ಮೇಲೇ ತಪ್ಪು ಹೊರಿಸುತ್ತಿತ್ತು. ಭಾನುವಾರ ಮಗ ಬಂದಾಗ, ಹೊಸ ಪೆಟ್ಟಿಗೆಯಿಂದ ಎಷ್ಟು ಫರಕಾಗಿದೆ ನೋಡು ಎಂದೆ. ಅವನು ಎಂಜಿನಿಯರು. “ಅಪ್ಪಾ, ಕಣ್ಣು ಮುಚ್ಚಿ ಕೂಡ್ರಿ, ಪರೀಕ್ಷಾ ಮಾಡೋಣು” ಅಂದ. ಲ್ಯಾಪ್‌ಟಾಪಿನ ವೈರು ಒಂದು ಕಡೆ, ಡ್ಯಾಕ್ ಒಂದು ಕಡೆ. ವೋಲ್ಟ್‌ಮೀಟರ್ ಹಿಡಿದು ಎರಡರ ಸದ್ದನ್ನೂ ಸಮ ಮಾಡಿದ. ತುಸು ಜೋರಾದದ್ದು ಕಿವಿಗೆ ಚೆಲೋ ಅನ್ನಿಸುತ್ತದಂತೆ, ಅದಕ್ಕೇ ಈ ಎಚ್ಚರ. ಭೀಮಸೇನರ ಒಂದೇ ಆಲಾಪದ ಒಂದೇ ನಿಮಿಷವನ್ನು, ನಾಣ್ಯ ಚಿಮ್ಮಿ ಬಂದಂತೆ ಇದರಲ್ಲೊಮ್ಮೆ ಅದರಲ್ಲೊಮ್ಮೆ ಹಾಕಿದ. ಹತ್ತರಲ್ಲಿ ಆರು ಸಲ ಸರಿ ಹೇಳಿದೆ. ನಾನು ಹಿಗ್ಗುವಷ್ಟರಲ್ಲಿ ಅವನೇ ಲೆಕ್ಕ ಹೇಳಿದ: ಏನೂ ಕೇಳದೆ ಬರೀ ಊಹೆಯಿಂದ ಹೇಳಿದರೂ ನೂರರಲ್ಲಿ ಮೂವತ್ತೆಂಟು ಸಲ ಆರು ಅಥವಾ ಅದಕ್ಕಿಂತ ಹೆಚ್ಚು ಸರಿ ಬರುತ್ತವೆ.

ಕೊನೆಗೆ ತನ್ನ ಮೊಬೈಲಿನ ಉಗುರಿನಷ್ಟು ಸ್ಪೀಕರಿನಲ್ಲಿ ಅಜ್ಜಿಯ ದನಿ ಹಾಕಿದ. ಉಸಿರು ಅಲ್ಲೂ ಇತ್ತು. ನೀರು ಕುಡಿ ಎಂದ ಕೂಸೂ ಇತ್ತು.

ಅಂದಿನಿಂದ ಯೋಚಿಸುತ್ತಿದ್ದೇನೆ. ಕೇಳಿಸಿದ್ದಕ್ಕೂ ಕೇಳಿದ್ದಕ್ಕೂ ನಡುವೆ ಇರುವವನು ಯಾರು? ನಮ್ಮ ಹಿರಿಯರು ಶ್ರವಣ, ಮನನ, ನಿದಿಧ್ಯಾಸನ ಎಂದು ಮೂರು ಮೆಟ್ಟಿಲು ಹೇಳುತ್ತಾರೆ. ಶ್ರವಣ ಸುಲಭ, ಮುಂದಿನವೇ ಕಷ್ಟ ಎಂದು ನಾನು ತಿಳಿದಿದ್ದೆ. ಈಗ ಮೊದಲನೆಯದೇ ಕಷ್ಟವೆನಿಸುತ್ತದೆ.

ನನ್ನ ಪರವಾಗಿಯೂ ಒಂದು ಮಾತಿದೆ, ಅದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಊರು ಬಿಟ್ಟವನು ಊರಿನ ಎಲ್ಲ ದನಿಯನ್ನೂ ಪೂರ್ತಿ ಕೇಳಿಸಿಕೊಂಡರೆ ಪರಸ್ಥಳದಲ್ಲಿ ಒಂದು ದಿನ ನಿಲ್ಲಲಾರ. ಬಾಡಿಗೆ, ವರ್ಗಾವಣೆ, ಮಗುವಿನ ಶಾಲೆ, ಊರಿಗೆ ಕಳಿಸಬೇಕಾದ ಮನಿಆರ್ಡರು, ಇವೆಲ್ಲ ನಡೆಯಬೇಕಾದರೆ ಕಿವಿಯ ಒಂದು ಬಾಗಿಲು ಹಾಕಿಕೊಂಡಿರಬೇಕು. ಆ ಬಾಗಿಲು ಹಾಕಿದ್ದು ತಪ್ಪೆಂದು ಇವತ್ತಿಗೂ ಖಚಿತವಾಗಿ ಹೇಳಲಾರೆ. ಅವ್ವನೂ ‘ಆರಾಮ ಅದೀನಿ’ ಎಂದು ಹೇಳಿ ಆ ಬಾಗಿಲನ್ನು ಆಚೆಯಿಂದ ತಾನೇ ಎಳೆದುಕೊಂಡಿದ್ದಳು. ತಪ್ಪಾದದ್ದು ಬೇರೆ ಕಡೆ. ಬಾಗಿಲು ಹಾಕಿದವನು ನಾನು ಎಂಬುದನ್ನು ಒಪ್ಪದೆ, ಮೂವತ್ತು ವರ್ಷಕ್ಕೂ ಮಿಕ್ಕಿ ‘ಕೇಳಿಸಲಿಲ್ಲ’ ಎಂದು ನನಗೆ ನಾನೇ ಹೇಳಿಕೊಂಡೆ. ಅವ್ವ ಕಳಿಸಿದ ಮಾತನ್ನು ಮೂಲದೊಡನೆ ತಾಳೆ ನೋಡದೆ, ‘ಆರಾಮ’ ಎಂಬ ಪ್ರತಿಯ ಮೇಲೆ ಸಹಿ ಹಾಕಿದೆ. ಸಾಲು ಉದ್ದವಿತ್ತು ಎಂಬುದು ನಿಜ. ಆದರೆ ಸಹಿ ನನ್ನದೇ.

ಪೆಟ್ಟಿಗೆಯನ್ನು ಮಾರಿಲ್ಲ. ಅದು ತನ್ನ ಕೆಲಸ ನಿಷ್ಠೆಯಿಂದ ಮಾಡುತ್ತಿದೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಇನ್ನೊಂದು ಯಂತ್ರ ತಂದರೆ ಇನ್ನೂ ಚೆನ್ನಾಗಿ ಕೇಳಿಸೀತೆಂಬ ಆಸೆ ಮಾತ್ರ ಹೋಗಿದೆ.

ಊರಿನಲ್ಲಿ ಈಗ ಉಳಿದವಳು ನನ್ನ ಅಕ್ಕ. ಎಪ್ಪತ್ತು ದಾಟಿದೆ. ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮೊದಲು ನಾನು ಪೇಪರ್ ಓದುತ್ತ ಹೂಂ ಅನ್ನುತ್ತಿದ್ದೆ. ಈಗ ಪೇಪರ್ ಮಡಚಿ ಪಕ್ಕಕ್ಕಿಡುತ್ತೇನೆ. ಮೊನ್ನೆ “ಹೆಂಗದೀ ಅಕ್ಕಾ?” ಅಂದೆ. “ಆರಾಮ ಅದೀನಿ” ಅಂದಳು. ತುಸು ಹೊತ್ತು ಸುಮ್ಮನಿದ್ದು, “ಮೊಣಕಾಲು?” ಅಂದೆ. ಆ ಕಡೆಯೂ ತುಸು ಹೊತ್ತು ಮಾತಿಲ್ಲ. ಆಮೇಲೆ ಅರ್ಧ ತಾಸು ಮಾತಾಡಿದಳು. ಮುಂದಿನ ವಾರ ಹೋಗಲು ರೈಲಿನ ಟಿಕೆಟ್ ತೆಗೆಸಿದ್ದೇನೆ.